ವಾಹನ ಹಿಂದಿರಲಿ, ಅಂಗಡಿ ಮುಂದಿರಲಿ

ಹಾಸನದ ಬಿ.ಎಂ. ರಸ್ತೆಯಲ್ಲಾಗಲಿ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡುಗಳ ಮುಖ್ಯರಸ್ತೆಗಳಲ್ಲಾಗಲಿ ವಾಣಿಜ್ಯ ಸಂಕೀರ್ಣ, ಕಲ್ಯಾಣ ಮಂಟಪಗಳಿಗೆ ಅನುಮತಿ ನೀಡುವಾಗ ಒಂದು ಪ್ರಶ್ನೆ ಕೇಳಬೇಕಿದೆ: ರಸ್ತೆಗೆ ಮುಖಮಾಡಿ ನಿಲ್ಲಬೇಕಾದದ್ದು ಏನು? ಕಟ್ಟಡ ಹಿಂದೆ ಸರಿದು ಕಾರುಗಳು, ಜನರೇಟರ್, ಕಸದ ತೊಟ್ಟಿಗಳು ಮುಂದೆ ಬಂದರೆ, ಕಾಲ್ನಡಿಗೆಯವರು ವಾಹನಗಳ ನಡುವೆ ನುಸುಳಿಯೇ ಬಾಗಿಲು ತಲುಪಬೇಕಾಗುತ್ತದೆ.

ನಮ್ಮ ಹಳೆಯ ಪೇಟೆಗಳ ಕ್ರಮ ಬೇರೆಯಾಗಿತ್ತು. ಬೀದಿಗೆ ಅಂಗಡಿ ಅಥವಾ ಜಗಲಿ, ಅದರ ಹಿಂದೆ ಮನೆ, ಕೊನೆಯಲ್ಲಿ ಹಿತ್ತಿಲು. ಗಾಡಿ, ಸೌದೆ, ಕೊಟ್ಟಿಗೆಗಳಿಗೆ ಹಿತ್ತಿಲೇ ಜಾಗ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿಯೂ ಸಯ್ಯಾಜಿರಾವ್ ರಸ್ತೆಯ ಕಡೆಗೆ ಅಂಗಡಿಗಳ ಸಾಲಿದೆ. ಹೂವು, ತರಕಾರಿಗಳ ಗದ್ದಲವೆಲ್ಲ ಅದರ ಒಳಗೆ. 2016ರಲ್ಲಿ ಅದರ ಒಂದು ಭಾಗ ಕುಸಿದದ್ದರಿಂದ ಈ ವಿನ್ಯಾಸದ ಮೌಲ್ಯ ಕುಂದುವುದಿಲ್ಲ.

ಲೆಕ್ಕ ಸರಳ. ರಸ್ತೆಗೆ 100 ಅಡಿ, ಒಳಕ್ಕೆ 150 ಅಡಿಯ ಪಾರ್ಕಿಂಗ್ ನಿವೇಶನವನ್ನು ಊಹಿಸಿಕೊಳ್ಳಿ. ಬಯಲು ನಿಲುಗಡೆಯಲ್ಲಿ ಓಡಾಟದ ಜಾಗವೂ ಸೇರಿ ಕಾರೊಂದಕ್ಕೆ 23 ಚದರ ಮೀಟರ್ ಎಂಬುದು ನಗರ ಯೋಜನೆಯ ರೂಢಿಯ ಅಳತೆ. ಹಾಗಾಗಿ ಇಲ್ಲಿ ಸುಮಾರು 60 ಕಾರುಗಳು ನಿಲ್ಲುತ್ತವೆ. ಪ್ರವೇಶಕ್ಕೆ 20 ಅಡಿ ಬಿಟ್ಟು ಮುಂಭಾಗದಲ್ಲಿ 12 ಅಡಿ ಆಳದ ಮಳಿಗೆಗಳನ್ನು ಕಟ್ಟಿದರೆ ನಷ್ಟವಾಗುವುದು ಸುಮಾರು ನಾಲ್ಕು ಕಾರುಗಳ ಜಾಗ. ದೊರೆಯುವುದು 10 ಅಡಿ ಅಗಲದ ಎಂಟು ಮಳಿಗೆ. ದರ್ಜಿ, ಹೂವಿನವರು, ಔಷಧಿ ಅಂಗಡಿಯವರಿಗೆ ಇಷ್ಟು ಸಾಕು. ನಿವೇಶನ ಸಾರ್ವಜನಿಕವಾಗಿದ್ದರೆ ಸ್ಥಳೀಯ ಸಂಸ್ಥೆಗೆ ಬಾಡಿಗೆಯೂ ಬರುತ್ತದೆ.

ಅಮೆರಿಕದ ವಿದ್ವಾಂಸ ಡೊನಾಲ್ಡ್ ಶೂಪ್ 2005ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಉಚಿತ ಪಾರ್ಕಿಂಗಿನ ಬೆಲೆಯನ್ನು ಕಾರಿಲ್ಲದವರೂ ತೆರುತ್ತಾರೆಂದು ವಾದಿಸಿದರು. ಮುಖ್ಯರಸ್ತೆಯಂತಹ ದುಬಾರಿ ನೆಲವನ್ನು ನಿಂತ ವಾಹನಗಳಿಗೆ ಬಿಟ್ಟುಕೊಡುವುದು ಅರ್ಥಶಾಸ್ತ್ರದ ದೃಷ್ಟಿಯಿಂದಲೂ ಅವಿವೇಕ.

ಆಕ್ಷೇಪಗಳಿಲ್ಲವೆಂದಲ್ಲ. ರಸ್ತೆ ವಿಸ್ತರಣೆಗೆ ಗುರುತಿಸಿದ ಜಾಗವನ್ನು ಬಿಟ್ಟೇ ಮಳಿಗೆ ಕಟ್ಟಬೇಕು. ಅಗ್ನಿಶಾಮಕ ವಾಹನ ಸರಾಗವಾಗಿ ಒಳಹೋಗಬೇಕು. ಹೊರಬರುವ ಚಾಲಕನಿಗೆ ಪಾದಚಾರಿ ಕಾಣಬೇಕು. ಅಡ್ಡರಸ್ತೆಯಿರುವಲ್ಲಿ ಪ್ರವೇಶವನ್ನು ಅಲ್ಲಿಂದಲೇ ಕೊಡುವುದು ಲೇಸು. ಎಲ್ಲಕ್ಕಿಂತ ಮುಖ್ಯವಾಗಿ, ಮಳಿಗೆಯ ಸರಕು ಪಾದಚಾರಿ ಮಾರ್ಗಕ್ಕೆ ಚಾಚದಂತೆ ನೋಡಿಕೊಳ್ಳಬೇಕು. ಇಲ್ಲವಾದರೆ ಒಂದು ಅಡ್ಡಿ ಹೋಗಿ ಇನ್ನೊಂದು ಬಂದಂತೆ.

ರಸ್ತೆಯ ಕಡೆ ತೆರವು ಬಿಡಬೇಕೆಂಬ ನಿಯಮವೇ ಅನೇಕ ಕಡೆ ವಾಹನಗಳಿಗೆ ಮುಂಬಾಗಿಲು ತೆರೆದಿದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ರೂಪಿಸುವ ವಲಯ ನಿಯಮಗಳಲ್ಲಿ ಆಯ್ದ ವಾಣಿಜ್ಯ ಬೀದಿಗಳಿಗಾದರೂ ಈ ಕ್ರಮವನ್ನು ಸೇರಿಸಬೇಕು. ಬೆಂಗಳೂರು ಮಾಡಿದ ತಪ್ಪುಗಳನ್ನು ತಿದ್ದುವುದು ದುಬಾರಿ. ಈ ನಾಲ್ಕು ಊರುಗಳಿಗೆ ಅವನ್ನು ಮಾಡದಿರುವ ಅವಕಾಶ ಇನ್ನೂ ಇದೆ.