ಮಗನ ಬೈಕು ಮತ್ತು ವಿಮೆಯ ಕಾಗದ

ಒಂದು ಸಂಜೆ ಅಸ್ರ್ ನಮಾಝ್ ಮುಗಿಸಿ ಮಕ್ಕಳ ನೋಟ್‌ಬುಕ್ ತಿದ್ದುತ್ತ ಕುಳಿತಿದ್ದೆ. ನಮ್ಮ ಸಂತೇಬೆನ್ನೂರಿನ ತಾಯಿಯೊಬ್ಬರು ಒಂದು ಕಾಗದ ಹಿಡಿದು ಬಂದರು. "ಆಪಾ, ಇದರಲ್ಲಿ ಏನು ಬರೆದಿದ್ದಾರೆ, ಸ್ವಲ್ಪ ಓದಿ ಹೇಳಿ. ಮಗನನ್ನು ಕೇಳಿದರೆ ಬಾಯಿ ಬಿಡ್ತಿಲ್ಲ" ಎಂದರು.

ಅದು ವಿಮಾ ಕಂಪೆನಿಯ ಪತ್ರ. ತಿಂಗಳ ಹಿಂದೆ ಅವರ ಮಗ ತಂಗಿಯನ್ನು ಹಿಂದೆ ಕೂರಿಸಿಕೊಂಡು ಚನ್ನಗಿರಿ ಕಡೆ ಹೋಗುವಾಗ ಬೈಕು ಬಿದ್ದಿತ್ತು. ತಂಗಿಯ ದುಪಟ್ಟಾ ಹಿಂದಿನ ಚಕ್ರಕ್ಕೆ ಸಿಕ್ಕಿತ್ತು. ಹುಡುಗಿಯ ಮುಂಗೈ ಮುರಿಯಿತು. ಅಲ್ಲಾಹನ ಕೃಪೆಯಿಂದ ಜೀವ ಉಳಿಯಿತು. ಬೈಕಿನ ರಿಪೇರಿ ಹಣಕ್ಕೆ ಅರ್ಜಿ ಹಾಕಿದಾಗ ಕಂಪೆನಿ ಕೇಳಿದ್ದಿಷ್ಟೆ: ಆರ್.ಸಿ. ಪುಸ್ತಕದಲ್ಲಿರುವ ಗಾಡಿ ಬೇರೆ, ನಮ್ಮ ಸರ್ವೇಯರ್ ನೋಡಿದ ಗಾಡಿ ಬೇರೆ. ಇದಕ್ಕೆ ನಿಮ್ಮ ವಿವರಣೆ ಏನು?

ವಿವರಣೆ ಕೊಡುವುದು ಸುಲಭವಿರಲಿಲ್ಲ. ತಾಯಿ ಚೀಟಿ ಎತ್ತಿ ಕೊಡಿಸಿದ ಗಾಡಿಗೆ ಮಗ ಇನ್ನೂ ನಲವತ್ತು ಸಾವಿರ ಸುರಿದಿದ್ದ. ಅಗಲದ ಟೈರು, ಗುಡುಗುವ ಸೈಲೆನ್ಸರ್, ಬೇರೆ ಹ್ಯಾಂಡಲ್, ಬೇರೆ ಬಣ್ಣ. ಹಿಂದಿನ ಮಡ್‌ಗಾರ್ಡ್ ಕತ್ತರಿಸಿ, "ಚೆನ್ನಾಗಿ ಕಾಣಲ್ಲ" ಎಂದು ಸೀರೆ ಗಾರ್ಡನ್ನೂ ಹಿಡಿಕೆಯನ್ನೂ ಬಿಚ್ಚಿಸಿದ್ದ.

"ಗಾಡಿ ಮೊದಲಿನಿಂದಲೂ ಹೀಗೇ ಇತ್ತು ಅಂತ ಬರೆದುಕೊಡಿ ಆಪಾ, ನಿಮ್ಮ ಅಕ್ಷರ ಚೆಂದ" ಎಂದರು ಆ ತಾಯಿ. ಅವರ ಕಷ್ಟ ನನಗೆ ಗೊತ್ತಿತ್ತು. ಆದರೂ ಪೆನ್ನು ಕೈಗೆ ಬರಲಿಲ್ಲ.

ಕಾಗದದ ಬೆಲೆ, ಕಣ್ಣಿನ ಬೆಲೆ

ಸಹೋದರಿಯರೇ, ಬೈಕು ಗಂಡುಮಕ್ಕಳ ವಿಷಯವೆಂದು ನಾವು ಸುಮ್ಮನಿರುತ್ತೇವೆ. ಆದರೆ ಅದಕ್ಕಾಗಿ ಬಳೆ ಅಡವಿಡುವವರು ನಾವು, ಅದರ ಹಿಂದೆ ಕೂರುವವರೂ ನಾವು. ಆದ್ದರಿಂದ ಪಾಲಿಸಿಯ ನಾಲ್ಕು ಸಾಲು ಓದಲು ಕಲಿಯೋಣ.

ಮೊದಲನೆಯದು ಐ.ಡಿ.ವಿ., ಅಂದರೆ ವಿಮೆಗಾಗಿ ಘೋಷಿಸಿದ ಬೆಲೆ. ಗಾಡಿ ಕಳವಾದರೆ ಅಥವಾ ಪೂರ್ತಿ ಹಾಳಾದರೆ ಕಂಪೆನಿ ಕೊಡುವ ಗರಿಷ್ಠ ಮೊತ್ತ ಇದು. ತಯಾರಕರು ಆ ಮಾದರಿಗೆ ಇಟ್ಟ ಬೆಲೆಯಿಂದ ಸವಕಳಿ ಕಳೆದು ಇದನ್ನು ಲೆಕ್ಕ ಹಾಕುತ್ತಾರೆ. ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಕಾಣುವ ಲೆಕ್ಕ ಹೀಗಿದೆ: ಆರು ತಿಂಗಳವರೆಗೆ ಶೇ. 5, ಒಂದು ವರ್ಷದವರೆಗೆ ಶೇ. 15, ಎರಡು ವರ್ಷದವರೆಗೆ ಶೇ. 20, ಮೂರಕ್ಕೆ ಶೇ. 30, ನಾಲ್ಕಕ್ಕೆ ಶೇ. 40, ಐದಕ್ಕೆ ಶೇ. 50. ಐದು ವರ್ಷ ದಾಟಿದರೆ ಮಾಲೀಕರೂ ಕಂಪೆನಿಯೂ ಮಾತಾಡಿ ಬೆಲೆ ಒಪ್ಪಿಕೊಳ್ಳಬೇಕು.

ಒಂದು ಉದಾಹರಣೆ ನೋಡಿ. 80,000 ರೂಪಾಯಿಯ ಬೈಕಿಗೆ ಎರಡು ವರ್ಷ ತುಂಬಿ ಮೂರನೆಯದು ನಡೆಯುತ್ತಿದ್ದರೆ ಐ.ಡಿ.ವಿ. 56,000. ಮಗ ಹಾಕಿಸಿದ 40,000 ರೂಪಾಯಿ ಈ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ. ಬಿಲ್ಲು ತೋರಿಸಿ, ಹೆಚ್ಚಿನ ಪ್ರೀಮಿಯಂ ಕಟ್ಟಿ, ಆ ಬಿಡಿಭಾಗಗಳನ್ನು ಪಾಲಿಸಿಯಲ್ಲಿ ಬೇರೆಯಾಗಿ ಬರೆಸಿದ್ದರೆ ಮಾತ್ರ ಅವುಗಳಿಗೆ ಬೆಲೆ. ಬರೆಸದಿದ್ದರೆ ಅದು ಬೀದಿಯಲ್ಲಿ ಕಣ್ಣಿಗೆ ಕಾಣುವ ಬೆಲೆಯೇ ಹೊರತು ಕಾಗದದ ಬೆಲೆಯಲ್ಲ.

ಮಾರುವಾಗಲೂ ಹೀಗೆಯೇ. ಒಬ್ಬ ಹುಡುಗನ ಶೋಕಿಗೆ ಇನ್ನೊಬ್ಬ ಹಣ ಕೊಡುವುದಿಲ್ಲ. 1961ರಿಂದ 1996ರವರೆಗೆ ನಮ್ಮ ಮೈಸೂರಿನಲ್ಲೇ ಜಾವಾ, ಯೆಜ್ಡಿ ಬೈಕುಗಳು ತಯಾರಾಗುತ್ತಿದ್ದವು. ಅವುಗಳನ್ನು ಇಂದಿಗೂ ಹುಡುಕಿ ಕೊಳ್ಳುವವರಿದ್ದಾರೆ. ಅವರು ಮೊದಲು ನೋಡುವುದು ಗಾಡಿ ಮೂಲರೂಪದಲ್ಲಿದೆಯೇ ಎಂದು. 2021ರಲ್ಲಿ ಕೇಂದ್ರ ಸರಕಾರ ಹಳೆಯ ವಾಹನಗಳಿಗಾಗಿ ವಿಂಟೇಜ್ ನೋಂದಣಿಯ ನಿಯಮ ತಂದಾಗಲೂ ಷರತ್ತು ಅದೇ: ವಾಹನ 50 ವರ್ಷ ದಾಟಿರಬೇಕು, ಮೂಲರೂಪ ಕೆಟ್ಟಿರಬಾರದು.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದೆ ವಾಹನ ಬದಲಾಯಿಸುವ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ ಅಥವಾ ಪ್ರತಿಯೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಾಯಿತು. ಬಣ್ಣ ಬದಲಿಸಬೇಕಾದರೂ ಆರ್.ಟಿ.ಓ. ಅನುಮತಿ ಪಡೆದು ಆರ್.ಸಿ.ಯಲ್ಲಿ ಬರೆಸಬೇಕು.

ಎಂಜಿನ್ ವಿಷಯ ಇನ್ನೂ ಸೂಕ್ಷ್ಮ. ಮೂರನೆಯವರ ವಿಮೆಯ ಪ್ರೀಮಿಯಂ ನಿಲ್ಲುವುದೇ ಎಂಜಿನ್ ಸಾಮರ್ಥ್ಯದ ಮೇಲೆ. 2022ರ ಜೂನ್ 1ರಿಂದ ಜಾರಿಯಾದ ದರಪಟ್ಟಿಯಲ್ಲಿ 75ರಿಂದ 150 ಸಿ.ಸಿ. ಬೈಕಿಗೆ ವರ್ಷಕ್ಕೆ 714 ರೂಪಾಯಿ, 150ರಿಂದ 350 ಸಿ.ಸಿ.ಗೆ 1,366 ರೂಪಾಯಿ. ಕಾಗದದಲ್ಲಿ ಸಣ್ಣ ಎಂಜಿನ್, ಗಾಡಿಯಲ್ಲಿ ದೊಡ್ಡದು ಎಂದಾದರೆ ಅದು ಶೋಕಿಯಲ್ಲ, ಸುಳ್ಳು.

ಎಲ್ಲ ಬದಲಾವಣೆಯೂ ತಪ್ಪಲ್ಲ. ಅಂಗವಿಕಲ ಸಹೋದರನೊಬ್ಬ ತನ್ನ ಸ್ಕೂಟರಿಗೆ ಪಕ್ಕದ ಚಕ್ರ ಹಾಕಿಸಿಕೊಳ್ಳಲು ಕಾನೂನೇ ದಾರಿ ಬಿಟ್ಟಿದೆ. ಆರ್.ಟಿ.ಓ. ಅದನ್ನು ಆರ್.ಸಿ.ಯಲ್ಲಿ ನಮೂದಿಸಿದರೆ, ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಅರ್ಧದಷ್ಟು ರಿಯಾಯಿತಿಯನ್ನು 2002ರ ಮೋಟಾರು ವಿಮಾ ದರ ನಿಯಮಗಳಲ್ಲೇ ಹೇಳಲಾಗಿತ್ತು. ಪಾಲಿಸಿ ಮಾಡಿಸುವಾಗ ಇದನ್ನು ಕೇಳಿ ನೋಡಬೇಕು.

ಹಿಂದೆ ಕೂರುವವಳ ಹಕ್ಕು

ಕೇಂದ್ರ ಮೋಟಾರು ವಾಹನ ನಿಯಮ 123 ಹಿಂಬದಿ ಸವಾರರಿಗಾಗಿಯೇ ಇದೆ. ಹಿಡಿಯಲು ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್, ಬಟ್ಟೆ ಚಕ್ರಕ್ಕೆ ಸಿಗದಂತೆ ಹಿಂದಿನ ಚಕ್ರದ ಕನಿಷ್ಠ ಅರ್ಧ ಭಾಗ ಮುಚ್ಚುವ ರಕ್ಷಣೆ ಇರಬೇಕು. ನಾವು ಸೀರೆ ಗಾರ್ಡ್ ಎನ್ನುವುದು ಇದನ್ನೇ. ಸೀರೆ, ಬುರ್ಖಾ, ದುಪಟ್ಟಾ ತೊಡುವ ನಮಗೆ ಇದು ಅಲಂಕಾರವಲ್ಲ, ಜೀವರಕ್ಷೆ. ಬೈಕಿಗೆ ಏನೇ ಮಾಡಿಸಲಿ, ಇದನ್ನು ಬಿಚ್ಚಿಸಲು ಮಾತ್ರ ಬಿಡಬೇಡಿ.

ಇನ್ನೊಂದು ಮಾತು. ಬರೀ ಮೂರನೆಯವರ ವಿಮೆ ಇದ್ದರೆ ಹಿಂಬದಿ ಸವಾರರಿಗೆ ಸಾಮಾನ್ಯವಾಗಿ ಅದರ ರಕ್ಷಣೆ ಸಿಗುವುದಿಲ್ಲ. 2006 ಮತ್ತು 2008ರಲ್ಲಿ ಸುಪ್ರೀಂ ಕೋರ್ಟ್ ಹಾಗೆಂದೇ ತೀರ್ಪಿತ್ತಿದೆ. ಪ್ಯಾಕೇಜ್ ಪಾಲಿಸಿಯಲ್ಲಿ ಆ ರಕ್ಷಣೆ ಇರುತ್ತದೆ. ಮಗನೋ ಗಂಡನೋ ಕಡಿಮೆ ಹಣದ ಪಾಲಿಸಿ ಮಾಡಿಸಿ ತಂದಾಗ, "ಹಿಂದೆ ಕೂತ ನನಗೆ ಇದರಲ್ಲಿ ಏನಿದೆ?" ಎಂದು ಕೇಳುವ ಹಕ್ಕು ನಿಮಗಿದೆ.

ದೀನ್ ಏನು ಹೇಳುತ್ತದೆ?

ವಿಮೆಯ ಬಗ್ಗೆ ಉಲಮಾಗಳ ಆಕ್ಷೇಪ ಹೊಸದಲ್ಲ. ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ 1985ರಲ್ಲಿ ವ್ಯಾಪಾರಿ ವಿಮೆಯನ್ನು ಒಪ್ಪದೆ, ಪರಸ್ಪರ ಸಹಕಾರದ ವಿಮೆಯನ್ನು ಅದಕ್ಕೆ ಬದಲಾಗಿ ಸೂಚಿಸಿತು. ಆದರೆ ಮೂರನೆಯವರ ವಿಮೆ ನಮ್ಮ ದೇಶದಲ್ಲಿ ಕಡ್ಡಾಯ. ಅದಿಲ್ಲದೆ ಗಾಡಿ ರಸ್ತೆಗಿಳಿಯುವಂತಿಲ್ಲ. ನಮ್ಮ ಗಾಡಿಯಿಂದ ಪೆಟ್ಟು ತಿಂದ ಬಡವನಿಗೆ ಪರಿಹಾರ ಸಿಗಲೆಂದೇ ಈ ಕಾನೂನು. ಅದಕ್ಕಿಂತ ಹೆಚ್ಚಿನ ಪಾಲಿಸಿಯ ಬಗ್ಗೆ ನಿಮಗೆ ನಂಬಿಕೆಯಿರುವ ಆಲಿಮರನ್ನು ಕೇಳಿಕೊಳ್ಳಿ.

ಒಂದು ವಿಷಯದಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ. ಪ್ರವಾದಿ ಮುಹಮ್ಮದ್(ಸ)ರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗೆ ಒದ್ದೆ ತಾಗಿದ ಪ್ರಸಂಗ ನಿಮಗೆಲ್ಲ ಗೊತ್ತು. ಜನರಿಗೆ ಕಾಣುವಂತೆ ಒದ್ದೆಯನ್ನು ಮೇಲೇಕೆ ಇಡಲಿಲ್ಲ ಎಂದು ಅವರು ವ್ಯಾಪಾರಿಯನ್ನು ಕೇಳಿದರು. ಬೈಕಿನ ಬದಲಾವಣೆ ಮುಚ್ಚಿಟ್ಟು ಪಾಲಿಸಿ ಮಾಡಿಸುವುದೂ ಒದ್ದೆಯನ್ನು ಕೆಳಗಿಟ್ಟಂತೆಯೇ.

ಇದನ್ನೆಲ್ಲ ಆ ತಾಯಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಇದ್ದದ್ದನ್ನೇ ಬರೀರಿ" ಎಂದರು. ಯಾವ ಭಾಗ ಬದಲಾಗಿದೆ, ಯಾವಾಗ ಬದಲಾಗಿದೆ, ಎಲ್ಲವನ್ನೂ ಬರೆದೆವು. ಷರತ್ತು ಮುರಿದ ಪ್ರಕರಣಗಳಲ್ಲೂ ಸಂದರ್ಭ ನೋಡಿ ಶೇ. 75ರವರೆಗೆ ಕೊಡಬಹುದೆಂದು 2010ರಲ್ಲಿ ಸುಪ್ರೀಂ ಕೋರ್ಟ್ ಬಾಡಿಗೆಗೆ ಓಡಿಸಿದ ವಾಹನವೊಂದರ ಪ್ರಕರಣದಲ್ಲಿ ಹೇಳಿತ್ತು, ಅದನ್ನೂ ಸೇರಿಸಿದೆವು. ಬಂದದ್ದು ಕೇಳಿದ್ದಕ್ಕಿಂತ ಬಹಳ ಕಡಿಮೆ. ಹೊಸ ಸೈಲೆನ್ಸರಿಗೂ ಟೈರಿಗೂ ಒಂದು ರೂಪಾಯಿಯೂ ಬರಲಿಲ್ಲ. ಆದರೆ ಬಂದಷ್ಟು ಹಣ ಹಲಾಲ್ ಎಂಬ ನೆಮ್ಮದಿ ಆ ಮನೆಯಲ್ಲಿತ್ತು.

ನಮ್ಮೂರಿನ ಪುಷ್ಕರಣಿಯ ಪಕ್ಕದಲ್ಲಿ ಹಳೆಯ ಮುಸಾಫಿರ್‌ಖಾನೆ ಇದೆ. ದಾರಿಹೋಕರು ಕ್ಷೇಮವಾಗಿ ತಂಗಲೆಂದು ಹಿಂದಿನವರು ಕಲ್ಲಿನಲ್ಲಿ ಕಟ್ಟಿಸಿದ್ದು. ಮೊನ್ನೆ ಅದರ ಮುಂದೆ ಆ ಹುಡುಗ ಎದುರಾದ. ತಂಗಿ ಹಿಂದೆ ಕೂತಿದ್ದಳು. "ಅಸ್ಸಲಾಮು ಅಲೈಕುಮ್ ಆಪಾ" ಎಂದ. ಗಾಡಿ ಸದ್ದಿಲ್ಲದೆ ಸಾಗಿತು. ಹಿಂದಿನ ಚಕ್ರ ನೋಡಿದೆ. ಸೀರೆ ಗಾರ್ಡ್ ಇತ್ತು.