ಕೈಮ ಉಂಡೆಗೆ ಬಿಸಿಗಾಳಿ

ಯಲಹಂಕದಿಂದ ಹಿಂದೂಪುರದ ಕಡೆಗೆ ಹೋಗುವ ರೈಲು ದೊಡ್ಡಬಳ್ಳಾಪುರ ದಾಟಿದ ಮೇಲೆ ಮಾಕಳಿದುರ್ಗದ ಬೆಟ್ಟವನ್ನು ಬಳಸಿಕೊಂಡು ಸಾಗುತ್ತದೆ. ಈ ಸೀಮೆಯ ನೆಲವೇ ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ, ಬೆಟ್ಟದ ಮೇಲಿನ ಕೋಟೆಯ ನೆತ್ತಿಯಂತೂ ಸಾವಿರ ಮೀಟರಿಗೂ ಹೆಚ್ಚು. ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡ ತಗ್ಗುತ್ತದೆ, ಒತ್ತಡ ತಗ್ಗಿದರೆ ನೀರು ಬೇಗ ಕುದಿಯುತ್ತದೆ. ಮಂಗಳೂರಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು ಇಲ್ಲಿ 97ರ ಆಸುಪಾಸಿನಲ್ಲೇ ಕುದಿದು ಆವಿಯಾಗುತ್ತದೆ. ಉರಿ ಎಷ್ಟೇ ಹೆಚ್ಚಿಸಿದರೂ ತೆರೆದ ಪಾತ್ರೆಯ ಸಾರು ಅದಕ್ಕಿಂತ ಹೆಚ್ಚು ಕಾಯುವುದಿಲ್ಲ. ಈ ಭಾಗದ ಬಾಡೂಟದ ಹೆಮ್ಮೆಯಾದ ಕೈಮ ಉಂಡೆ ಸಾರಿನಲ್ಲಿ ಉಂಡೆ ಮೆತ್ತಗೆ, ರಸಭರಿತವಾಗಿ ಬೇಯುತ್ತದೆ. ಆದರೆ ಅದರ ಮೈ ಎಂದೂ ಕಂದುಗಟ್ಟುವುದಿಲ್ಲ. ಕೆಲವು ಮನೆಗಳಲ್ಲಿ ಉಂಡೆಯನ್ನು ಮೊದಲು ಎಣ್ಣೆಯಲ್ಲಿ ಹುರಿದು ಆಮೇಲೆ ಸಾರಿಗೆ ಬಿಡುವುದು ಈ ಕೊರತೆ ತುಂಬುವುದಕ್ಕೇ. ಈಗ ಆ ಎಣ್ಣೆಯ ಬಾಣಲೆಯ ಜಾಗಕ್ಕೆ ಏರ್ ಫ್ರೈಯರ್ ಬಂದಿದೆ. ಅದರ ಜೊತೆಯಲ್ಲೇ ಒಂದು ನಂಬಿಕೆಯೂ ಬಂದಿದೆ: ಈ ಯಂತ್ರದಲ್ಲಿ ಮಾಡಿದ ಉಂಡೆ ಸಕ್ಕರೆ ಕಾಯಿಲೆಯವರಿಗೆ ಒಗ್ಗುವ 'ಲೋ ಕಾರ್ಬ್' ತಿನಿಸು ಎಂಬುದು. ಈ ನಂಬಿಕೆಯಲ್ಲಿ ಎರಡು ಬೇರೆ ಬೇರೆ ಲೆಕ್ಕಗಳು ಕಲಸಿಹೋಗಿವೆ. ಯಂತ್ರ ಬದಲಿಸುವುದು ನೀರಿನ ಲೆಕ್ಕವನ್ನು. ಕಾರ್ಬೊಹೈಡ್ರೇಟಿನ ಲೆಕ್ಕ ತೀರ್ಮಾನವಾಗುವುದು ಉಂಡೆಯ ಮಿಶ್ರಣದಲ್ಲಿ, ಅದಕ್ಕಿಂತ ಹೆಚ್ಚಾಗಿ ಊಟದ ತಟ್ಟೆಯಲ್ಲಿ.

ಮೊದಲು ಯಂತ್ರ. ಫಿಲಿಪ್ಸ್ ಕಂಪನಿ 2010ರಲ್ಲಿ ಬರ್ಲಿನ್ನಿನ ವಸ್ತುಪ್ರದರ್ಶನದಲ್ಲಿ ಇದನ್ನು ಲೋಕಕ್ಕೆ ತೋರಿಸಿತು. ಇದರ ಹಿಂದಿನ ವಿಚಾರ ಇನ್ನೂ ಹಳೆಯದು: ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನದೊಳಗೆ ಹೆಪ್ಪುಗಟ್ಟಿದ ಊಟವನ್ನು ಬಿಸಿ ಮಾಡಲು ಅಮೆರಿಕದ ವಿಲಿಯಂ ಮ್ಯಾಕ್ಸನ್ ಫ್ಯಾನ್ ಇರುವ ಪುಟ್ಟ ಓವನ್ ರೂಪಿಸಿದ್ದ. ಏರ್ ಫ್ರೈಯರ್ ಅದೇ ಜಾತಿಯದು. ಮೇಲೆ ಕಾಯುವ ಸುರುಳಿ, ಅದರ ಮೇಲೆ ಫ್ಯಾನ್, ಕೆಳಗೆ ತೂತುಗಳಿರುವ ಬುಟ್ಟಿ. ಫ್ಯಾನ್ ತಳ್ಳಿದ ಬಿಸಿಗಾಳಿ ಬುಟ್ಟಿಯ ಸುತ್ತ ಇಳಿದು, ತಳಕ್ಕೆ ತಾಗಿ, ತೂತುಗಳೊಳಗಿಂದ ಮೇಲೇರಿ ಮತ್ತೆ ಸುರುಳಿಯ ಕಡೆಗೆ ಹೋಗುತ್ತದೆ. ಹೆಸರಿನಲ್ಲಿ 'ಫ್ರೈ' ಇದ್ದರೂ ಇಲ್ಲಿ ಕರಿಯುವ ಕೆಲಸ ನಡೆಯುವುದಿಲ್ಲ. ಕಾದ ಎಣ್ಣೆ ಆಹಾರದ ಮೈಯನ್ನು ಪೂರ್ತಿ ಆವರಿಸಿ, ಗಾಳಿಗಿಂತ ಎಷ್ಟೋ ಪಟ್ಟು ವೇಗವಾಗಿ ಶಾಖ ದಾಟಿಸುತ್ತದೆ. 180 ಡಿಗ್ರಿಯ ಒಂದು ಲೀಟರ್ ಎಣ್ಣೆಯ ತೂಕ ಮುಕ್ಕಾಲು ಕಿಲೋಗೂ ಮೇಲೆ, ಅದೇ ಬಿಸಿಯ ಒಂದು ಲೀಟರ್ ಗಾಳಿಯ ತೂಕ ಒಂದು ಗ್ರಾಂ ಕೂಡ ಇಲ್ಲ. ಇಷ್ಟು ಹಗುರವಾದ ಗಾಳಿಯಿಂದ ಕೆಲಸ ತೆಗೆಯಬೇಕಾದರೆ ಅದನ್ನು ಜೋರಾಗಿ, ಎಡೆಬಿಡದೆ ಓಡಿಸಬೇಕು. ದೊಡ್ಡ ಓವನ್ನಿನಲ್ಲಿ ಅರ್ಧ ಗಂಟೆ ಹಿಡಿಯುವ ಕೆಲಸ ಇಲ್ಲಿ ಹತ್ತು ಹನ್ನೆರಡು ನಿಮಿಷದಲ್ಲಿ ಮುಗಿಯುವುದಕ್ಕೆ ಕಾರಣ ಇಕ್ಕಟ್ಟಾದ ಜಾಗ ಮತ್ತು ಜೋರು ಗಾಳಿ. ಫ್ಯಾನ್ ಇರುವ ಓವನ್ ಮನೆಯಲ್ಲಿದ್ದರೆ ಅದೇ ಸಾಲದೇ ಎಂದು ಕೇಳುವವರಿಗೆ ಉತ್ತರ ಸರಳ: ಸಾಕು, ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ ಅಷ್ಟೆ.

ಗಾಳಿ ಶಾಖ ತರುವುದರ ಜೊತೆಗೆ ಇನ್ನೊಂದು ದೊಡ್ಡ ಕೆಲಸ ಮಾಡುತ್ತದೆ, ಉಂಡೆಯ ಮಟ್ಟಿಗೆ ಅದೇ ಮುಖ್ಯ. ಒದ್ದೆ ವಸ್ತುವಿನ ಮೈಗೆ ಅಂಟಿಕೊಂಡಂತೆ ತೇವ ತುಂಬಿದ ಗಾಳಿಯ ತೆಳು ಪದರವೊಂದು ನಿಂತಿರುತ್ತದೆ. ಅದು ಅಲ್ಲೇ ಇರುವವರೆಗೆ ಒಳಗಿನ ನೀರು ನಿಧಾನವಾಗಿಯೇ ಆವಿಯಾಗಬೇಕು. ಗಾಳಿ ಬೀಸುವ ದಿನ ಹಗ್ಗದ ಮೇಲಿನ ಬಟ್ಟೆ ಬೇಗ ಒಣಗುವಂತೆ, ಫ್ಯಾನ್ ಈ ಪದರವನ್ನು ಕ್ಷಣಕ್ಷಣವೂ ಕಿತ್ತೊಯ್ಯುತ್ತದೆ. ಒಂದು ಗ್ರಾಂ ನೀರನ್ನು ಕೋಣೆಯ ಬಿಸಿಯಿಂದ ಕುದಿಯುವ ಬಿಂದುವಿಗೆ ಏರಿಸಲು ಸುಮಾರು 300 ಜೌಲ್ ಶಕ್ತಿ ಸಾಕು, ಅದೇ ನೀರನ್ನು ಆವಿ ಮಾಡಲು 2,260 ಜೌಲ್ ಬೇಕು. ಹಾಗಾಗಿ ಬುಟ್ಟಿಯ ಗಾಳಿ 180 ಡಿಗ್ರಿ ಇದ್ದರೂ ಉಂಡೆಯ ಮೈ ಒದ್ದೆಯಿರುವಷ್ಟು ಹೊತ್ತು 97 ಡಿಗ್ರಿ ದಾಟುವುದೇ ಇಲ್ಲ. ಬಂದ ಶಾಖವನ್ನೆಲ್ಲ ನೀರು ಕಬಳಿಸುತ್ತದೆ. ಮೈ ಒಣಗಿದ ಮೇಲಷ್ಟೇ ಬಿಸಿ ಮೇಲೇರಿ, 140ರ ಆಚೆಗೆ ಹೋದಾಗ ಮಾಂಸದ ಅಮೈನೊ ಆಮ್ಲಗಳು ಮತ್ತು ಸಕ್ಕರೆಯ ಅಣುಗಳು ಭರದಿಂದ ಕೂಡಿ ಕಂದುಬಣ್ಣವನ್ನೂ ಹುರಿದ ಬಾಡಿನ ಘಮವನ್ನೂ ಕೊಡುತ್ತವೆ. ಫ್ರಾನ್ಸಿನ ಲೂಯಿ ಕಾಮಿಲ್ ಮಾಯಾರ್ 1912ರಲ್ಲಿ ವಿವರಿಸಿದ ಈ ಕ್ರಿಯೆಗೆ ಅವನ ಹೆಸರೇ ನಿಂತಿದೆ. ಉಂಡೆಗಳನ್ನು ಒತ್ತೊತ್ತಾಗಿ ತುಂಬಿದರೆ ಗಾಳಿಗೆ ದಾರಿ ಇರುವುದಿಲ್ಲ, ಆವಿ ಅಲ್ಲೇ ಸುಳಿದಾಡುತ್ತದೆ. ಆಗ ದುಬಾರಿ ಯಂತ್ರ ಇಡ್ಲಿ ಪಾತ್ರೆಯ ಕೆಲಸ ಮಾಡುತ್ತದೆ. ಒಂದೇ ಸಾಲಿನಲ್ಲಿ, ನಡುವೆ ಬೆರಳು ತೂರುವಷ್ಟು ಜಾಗ ಬಿಟ್ಟು ಜೋಡಿಸಿ ಎನ್ನುವುದರ ಹಿಂದಿನ ವಿಜ್ಞಾನ ಇದು.

ಇನ್ನು ಕಾರ್ಬಿನ ಲೆಕ್ಕ. ಮಾಂಸದಲ್ಲಿ ಕಾರ್ಬೊಹೈಡ್ರೇಟ್ ಇಲ್ಲವೆಂದೇ ಹೇಳಬೇಕು. ಬದುಕಿದ್ದಾಗ ಕುರಿಯ ಸ್ನಾಯುವಿನಲ್ಲಿದ್ದ ಅಲ್ಪಸ್ವಲ್ಪ ಗ್ಲೈಕೋಜನ್ ಸತ್ತ ಮೇಲೆ ಬಹುಪಾಲು ಲ್ಯಾಕ್ಟಿಕ್ ಆಮ್ಲವಾಗಿಬಿಡುತ್ತದೆ. ಉಂಡೆಯೊಳಗೆ ಕಾರ್ಬ್ ಬರುವುದು ಹುರಿಗಡಲೆಯಿಂದ, ಸ್ವಲ್ಪ ಈರುಳ್ಳಿ ಮತ್ತು ತೆಂಗಿನಕಾಯಿಯಿಂದ. ಅರ್ಧ ಕಿಲೋ ಕೈಮಕ್ಕೆ 50 ಗ್ರಾಂ ಹುರಿಗಡಲೆ ಪುಡಿ ಹಾಕಿ 20 ಉಂಡೆ ಕಟ್ಟಿದರೆಂದು ಇಟ್ಟುಕೊಳ್ಳಿ. ನೂರು ಗ್ರಾಂ ಹುರಿಗಡಲೆಯಲ್ಲಿ 60 ಗ್ರಾಮಿನ ಹತ್ತಿರ ಕಾರ್ಬೊಹೈಡ್ರೇಟ್ ಇರುತ್ತದೆ. ಅಂದರೆ ಒಂದು ಉಂಡೆಗೆ ಹುರಿಗಡಲೆಯ ಪಾಲು ಒಂದೂವರೆ ಗ್ರಾಂ, ಉಳಿದದ್ದೆಲ್ಲ ಸೇರಿದರೂ ಎರಡು ಗ್ರಾಮಿನ ಸುತ್ತಮುತ್ತ. ಐದು ಉಂಡೆ ತಿಂದವರಿಗೆ ಹತ್ತು ಗ್ರಾಂ. ಇದೇ ತಟ್ಟೆಯಲ್ಲಿರುವ ಮುದ್ದೆಯನ್ನು ನೋಡಿ. 100 ಗ್ರಾಂ ರಾಗಿ ಹಿಟ್ಟಿನ ಒಂದು ಮುದ್ದೆಯಲ್ಲಿ 70 ಗ್ರಾಂ ಆಸುಪಾಸು ಕಾರ್ಬೊಹೈಡ್ರೇಟ್ ಇರುತ್ತದೆ. ಉಂಡೆಯಿಂದ ಹುರಿಗಡಲೆಯನ್ನು ಪೂರ್ತಿ ತೆಗೆದುಹಾಕಿದರೆ ಐದು ಉಂಡೆಗೆ ಕಡಿಮೆಯಾಗುವುದು ಸುಮಾರು ಏಳು ಗ್ರಾಂ. ಮುದ್ದೆಯಲ್ಲಿ ಹತ್ತನೇ ಒಂದು ಭಾಗ ಮುರಿದಿಟ್ಟರೆ ಅಷ್ಟೇ ಉಳಿತಾಯವಾಗುತ್ತದೆ. ನಮ್ಮ ಕೈಮ ಉಂಡೆ ಯಾರೂ 'ಲೋ ಕಾರ್ಬ್' ಎಂದು ಕರೆಯುವ ಮೊದಲೇ ಕಡಿಮೆ ಕಾರ್ಬಿನ ತಿನಿಸಾಗಿತ್ತು. ಯುರೋಪಿನ ಉಂಡೆಗಳಿಗೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಸೇರುವುದು ವಾಡಿಕೆ; ಲೋ ಕಾರ್ಬ್ ಪಾಕವಿಧಾನಗಳು ಆ ಬ್ರೆಡ್ಡನ್ನು ಓಡಿಸಲು ಹುಟ್ಟಿದವು. ಅವನ್ನು ಹಾಗೇ ತಂದು ಇಲ್ಲಿ ಬಾದಾಮಿ ಹಿಟ್ಟಿಗೆ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ರಾಗಿಯನ್ನು ದೂರುತ್ತಿದ್ದೀರಾ ಎಂಬ ಪ್ರಶ್ನೆ ಬರುವುದು ಸಹಜ. ಇಲ್ಲ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗೂ ಹೆಚ್ಚು ಸುಣ್ಣದ ಅಂಶವಿದೆ, ಪಾಲಿಶ್ ಮಾಡಿದ ಅಕ್ಕಿಗಿಂತ ನಾರು ಎಷ್ಟೋ ಹೆಚ್ಚು. ಬಿಸಿಲಿನಲ್ಲಿ ಹೊಲ ಗೇಯುವ ಮೈಗೆ ಎಪ್ಪತ್ತು ಗ್ರಾಂ ಕಾರ್ಬೊಹೈಡ್ರೇಟ್ ಹೊರೆಯೇ ಅಲ್ಲ. ಆದರೆ ದಿನವಿಡೀ ಕುರ್ಚಿಯಲ್ಲಿ ಕೂರುವ ದೇಹ ಅದೇ ಗಾತ್ರದ ಮುದ್ದೆ ಉಂಡರೆ ಲೆಕ್ಕ ಬೇರೆಯಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ಸಮೀಕ್ಷೆಯೊಂದು 2023ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆ 10.1 ಕೋಟಿ ಎಂದು ಅಂದಾಜು ಮಾಡಿತು. ಇಷ್ಟು ದೊಡ್ಡ ಸಂಕಟವನ್ನು ಅಡುಗೆಮನೆಯ ಒಂದು ಯಂತ್ರ ಪರಿಹರಿಸುತ್ತದೆ ಎಂದು ಜನರನ್ನು ನಂಬಿಸುವುದು ಅನ್ಯಾಯ.

ಹುರಿಗಡಲೆಯ ನಿಜವಾದ ಕೆಲಸವೇನೆಂದು ತಿಳಿದರೆ ಅದನ್ನು ಕೈಬಿಡುವ ಮುನ್ನ ಇನ್ನೊಮ್ಮೆ ಯೋಚಿಸಬೇಕಾಗುತ್ತದೆ. ಮಾಂಸದ ಬಿಸಿ 50 ಡಿಗ್ರಿ ದಾಟುತ್ತಿದ್ದಂತೆ ಮಯೋಸಿನ್ ಎಂಬ ಪ್ರೋಟೀನು ಗಟ್ಟಿಯಾಗತೊಡಗುತ್ತದೆ, 65ರ ಆಚೆ ಆಕ್ಟಿನ್ ಕೂಡ ಸೆಟೆಯುತ್ತದೆ. ಎಳೆಗಳು ಕುಗ್ಗಿದಾಗ ಅವುಗಳ ನಡುವಿನ ನೀರು ಹೊರಕ್ಕೆ ಹಿಂಡಿಬರುತ್ತದೆ. ಕಡಲೆಯ ಪಿಷ್ಟ ಆಗಲೇ ಹುರಿದು ಪಕ್ವವಾಗಿರುವುದರಿಂದ ಹಾಗೆ ಹೊರಬಂದ ರಸವನ್ನು ಅಲ್ಲಲ್ಲೇ ಹೀರಿ ಹಿಡಿದಿಡುತ್ತದೆ. ಸಾರಿನಲ್ಲಿ ಬೇಯುವ ಉಂಡೆಗೆ ಸುತ್ತಲೂ ನೀರೇ ಇರುವುದರಿಂದ ಈ ಹಿಡಿತ ಸ್ವಲ್ಪ ಸಡಿಲವಾದರೂ ನಡೆದೀತು. ಬಿಸಿಗಾಳಿಯಲ್ಲಿ ಹಾಗಲ್ಲ, ಹೊರಬಂದ ಹನಿಯನ್ನು ಗಾಳಿ ಮರುಕ್ಷಣವೇ ಹೊತ್ತೊಯ್ಯುತ್ತದೆ. ಹುರಿಗಡಲೆ ಹೆಚ್ಚು ಬೇಕಾಗುವ ಯಂತ್ರದಲ್ಲಿ ಅದನ್ನೇ ತೆಗೆದುಹಾಕಿ, ಉಂಡೆ ಮರಳಿನಂತಾಯಿತು ಎಂದು ಯಂತ್ರವನ್ನು ದೂರುವುದು ಸರಿಯಲ್ಲ. ವೈದ್ಯರ ಸಲಹೆಯ ಮೇರೆಗೆ ಕಾರ್ಬನ್ನು ಕಟ್ಟುನಿಟ್ಟಾಗಿ ಇಳಿಸಲೇಬೇಕಾದವರಿಗೆ ದಾರಿ ಇದೆ. ಕೈಮ ತಣ್ಣಗಿರುವಾಗಲೇ, ಮಸಾಲೆ ಬೆರೆಸುವ ಮೊದಲು, ಉಪ್ಪನ್ನಷ್ಟೇ ಹಾಕಿ ಅಂಟು ಬರುವವರೆಗೆ ನಾದಬೇಕು. ಉಪ್ಪು ಮಯೋಸಿನ್ನನ್ನು ಕರಗಿಸಿ ಹೊರತರುತ್ತದೆ. ಬಿಸಿ ತಾಗಿದಾಗ ಅದು ಜಾಲದಂತೆ ಹೆಣೆದುಕೊಂಡು ಕೊಬ್ಬನ್ನೂ ನೀರನ್ನೂ ಒಳಗೇ ಕಟ್ಟಿಹಾಕುತ್ತದೆ. ಬೇರೇನೂ ಹಾಕದೆ ಉಂಡೆ ಒಡೆಯದಂತೆ ನಿಲ್ಲುವುದಕ್ಕೆ ಇಷ್ಟು ಸಾಕು. ಒಂದು ಮೊಟ್ಟೆ ಸೇರಿಸಿದರೆ ಹಿಡಿತ ಇನ್ನಷ್ಟು ಗಟ್ಟಿ. ಸಣ್ಣಗೆ ಹೆಚ್ಚಿದ ಸಬ್ಬಸಿಗೆ ಸೊಪ್ಪು, ಹಸಿ ತೆಂಗಿನ ತುರಿ ತೇವವನ್ನು ಕಾಯುತ್ತವೆ. ಕೊಬ್ಬೇ ಇಲ್ಲದ ಬರೀ ಕೆಂಪು ಮಾಂಸದ ಕೈಮ ಈ ಯಂತ್ರಕ್ಕೆ ಬೇಡ. ಆರು ಪಾಲಿನಲ್ಲಿ ಒಂದು ಪಾಲಾದರೂ ಕೊಬ್ಬಿರಲಿ. ಇಷ್ಟೊಂದು ನಿರ್ಬಂಧವಿಲ್ಲದವರು ಎರಡು ಚಮಚ ಹುರಿಗಡಲೆ ಪುಡಿಯನ್ನು ಧಾರಾಳವಾಗಿ ಉಳಿಸಿಕೊಳ್ಳಲಿ.

ಎಷ್ಟು ಬೇಯಿಸಬೇಕು ಎಂಬುದರಲ್ಲಿ ಮಾತ್ರ ಅಂದಾಜು ಸಲ್ಲದು. ಇಡೀ ತುಂಡಿನ ಮಾಂಸದಲ್ಲಿ ಸೂಕ್ಷ್ಮಜೀವಿಗಳು ಬಹುಮಟ್ಟಿಗೆ ಹೊರಮೈ ಮೇಲಿರುತ್ತವೆ. ಕೊಚ್ಚಿದಾಗ ಹೊರಗಿದ್ದದ್ದು ಒಳಗೂ ಸೇರುತ್ತದೆ. ಹಾಗಾಗಿ ಮಟನ್ ಕೈಮದ ಉಂಡೆಯ ನಡುವಿನ ಬಿಸಿ 71 ಡಿಗ್ರಿ ಮುಟ್ಟಲೇಬೇಕು, ಕೋಳಿಯದಾದರೆ 74. ಇದನ್ನು ತುಂಬ ದಾಟಿದರೆ ರಸ ಬಸಿದುಹೋಗುತ್ತದೆ. ಹೊರಗೆ ಕಂದು ಬಂದಿದೆ ಎಂದು ಒಳಗೆ ಬೆಂದಿದೆ ಎನ್ನಲಾಗದು, ಏಕೆಂದರೆ ಮೈ ಒಣಗುವ ವೇಗಕ್ಕೂ ಶಾಖ ಒಳಗೆ ಇಳಿಯುವ ವೇಗಕ್ಕೂ ಸಂಬಂಧವಿಲ್ಲ. ನಿಂಬೆಹಣ್ಣಿಗಿಂತ ಚಿಕ್ಕದಾಗಿ ಕಟ್ಟಿ, 180 ಡಿಗ್ರಿಯಲ್ಲಿ ಹತ್ತರಿಂದ ಹನ್ನೆರಡು ನಿಮಿಷ ಇಟ್ಟು, ನಡುವೆ ಒಮ್ಮೆ ಹೊರಳಿಸಿದರೆ ಸಾಮಾನ್ಯವಾಗಿ ಎರಡೂ ಒಟ್ಟಿಗೆ ಕೂಡಿಬರುತ್ತವೆ. ಚುಚ್ಚಿ ನೋಡುವ ಅಡುಗೆ ಥರ್ಮಾಮೀಟರ್ ಇದ್ದರೆ ಅನುಮಾನಕ್ಕೆ ಎಡೆಯೇ ಇಲ್ಲ. ಮೈಗೆ ಒಂದು ಚಮಚ ಎಣ್ಣೆ ಸವರುವುದು ತಪ್ಪಲ್ಲ. ಅದು ತೆಳುವಾಗಿ ಹರಡಿ ಶಾಖ ಎಲ್ಲ ಕಡೆ ಸಮನಾಗಿ ತಾಗಲು ನೆರವಾಗುತ್ತದೆ.

ಹಳೆಯ ರುಚಿ ಬಲ್ಲವರ ಆಕ್ಷೇಪವೇ ಎಲ್ಲಕ್ಕಿಂತ ತೂಕದ್ದು. ಕುದಿಯುವ ಸಾರಿಗೆ ಹಸಿ ಉಂಡೆಯನ್ನು ಒಂದೊಂದಾಗಿ ಬಿಟ್ಟು, ಅದು ಗಟ್ಟಿಯಾಗುವವರೆಗೆ ಸೌಟು ಆಡಿಸದೆ ಕಾಯುವ ಕ್ರಮದಲ್ಲಿ ಮಾಂಸದ ಸತ್ವ ಸಾರಿಗಿಳಿಯುತ್ತದೆ, ಸಾರಿನ ಖಾರ ಉಂಡೆಗೇರುತ್ತದೆ. ಗಾಳಿಯಲ್ಲಿ ಬೆಂದದ್ದಕ್ಕೆ ಈ ಕೊಡುಕೊಳ್ಳುವಿಕೆ ಎಲ್ಲಿಂದ ಬರಬೇಕು? ಮಾತು ಸತ್ಯ, ಅದಕ್ಕಾಗಿಯೇ ಎರಡನ್ನೂ ಕೂಡಿಸುವುದು ಜಾಣತನ. ಎಂಟು ನಿಮಿಷ ಗಾಳಿಯಲ್ಲಿಟ್ಟು ಮೈ ಕಂದಾದ ಕೂಡಲೇ ಉಂಡೆಗಳನ್ನು ಕುದಿಯುವ ಸಾರಿಗೆ ಬಿಡಿ. ಬುಟ್ಟಿಯ ತಳದಲ್ಲಿ ಇಳಿದಿರುವ ರಸವನ್ನು ಚೆಲ್ಲದೆ ಅದೇ ಸಾರಿಗೆ ಸುರಿಯಿರಿ. ಕಂದುಗಟ್ಟಿದ ಮಾಂಸದ ಘಮದ ಒಂದು ಪಾಲು ಅದರಲ್ಲಿರುತ್ತದೆ. ಒಳಭಾಗದ ಬೇಯುವಿಕೆಯನ್ನು ಸಾರು ಮುಗಿಸುತ್ತದೆ. 97 ಡಿಗ್ರಿಯ ನೀರು ಎಂದೂ ಕೊಡಲಾರದ ರುಚಿಯೊಂದು ಹೀಗೆ ಸಾರಿಗೆ ಸೇರುತ್ತದೆ.

ಎಣ್ಣೆ ಉಳಿಯುತ್ತದೆ ಎಂಬ ಮಾತನ್ನು ಆಲೂಗಡ್ಡೆಗೆ ಒಪ್ಪಬಹುದು. ಕೈಮದ ವಿಷಯದಲ್ಲಿ ಅದು ಅರ್ಧ ಸತ್ಯ, ಏಕೆಂದರೆ ಕೊಬ್ಬು ಮಾಂಸದೊಳಗೇ ಇದೆ. ಅದರಲ್ಲಿ ಒಂದಷ್ಟು ಕರಗಿ ತಳಕ್ಕೆ ಸುರಿಯುತ್ತದೆ ಎಂಬುದಷ್ಟೇ ಲಾಭ, ಆ ರಸವನ್ನು ಸಾರಿಗೆ ಸೇರಿಸಿದರೆ ಆ ಲಾಭವೂ ಹೋಯಿತು. ಕಂದುಬಣ್ಣ ಕರಿಬಣ್ಣಕ್ಕೆ ತಿರುಗುವವರೆಗೆ ಬಿಡುವುದಂತೂ ಬೇಡ. ವಿಪರೀತ ಬಿಸಿಯಲ್ಲಿ ಸೀದ ಮಾಂಸದಲ್ಲಿ ಹುಟ್ಟುವ ಕೆಲವು ಅಮೈನುಗಳು ಪ್ರಾಣಿಗಳಲ್ಲಿ ಕ್ಯಾನ್ಸರ್ ತಂದದ್ದು ಪ್ರಯೋಗಗಳಲ್ಲಿ ಕಂಡಿದೆ. ಕೊಳ್ಳುವವರು ಗಮನಿಸಬೇಕಾದ ಮಾತು ಇನ್ನೊಂದಿದೆ: 1,500 ವ್ಯಾಟಿನ ಯಂತ್ರ 230 ವೋಲ್ಟಿನಲ್ಲಿ ಆರೂವರೆ ಆಂಪಿಯರ್ ಎಳೆಯುತ್ತದೆ, ಆದ್ದರಿಂದ ಮಿಕ್ಸಿಗೆ ಬಳಸುವ ಆರು ಆಂಪಿಯರಿನ ಸಾಕೆಟ್ಟಿಗೆ ಅದನ್ನು ಸಿಕ್ಕಿಸಬಾರದು, ಹದಿನಾರು ಆಂಪಿಯರಿನ ದೊಡ್ಡ ಸಾಕೆಟ್ಟೇ ಬೇಕು. ಒಂದು ಸರದಿ ಉಂಡೆಗೆ ಖರ್ಚಾಗುವ ವಿದ್ಯುತ್ತು ಅರ್ಧ ಯೂನಿಟ್ಟಿಗಿಂತ ಕಡಿಮೆ. ಎಂಟು ಹತ್ತು ಜನರ ಮನೆಯಲ್ಲಿ ಬುಟ್ಟಿಯನ್ನು ಮೂರು ನಾಲ್ಕು ಸಲ ತುಂಬಬೇಕಾಗಿ ಬರುವುದರಿಂದ ಅಲ್ಲಿ ಅಗಲವಾದ ಕಬ್ಬಿಣದ ಕಾವಲಿಯೇ ಮೇಲು.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಮುದ್ದೆ, ಅನ್ನವನ್ನು ಒಮ್ಮೆಲೇ ಕಡಿತ ಮಾಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಯಂತ್ರ ಕೊಳ್ಳುವ ಮೊದಲಲ್ಲದಿದ್ದರೂ ಮುದ್ದೆಯ ಗಾತ್ರ ಇಳಿಸುವ ಮೊದಲು ನಿಮ್ಮ ವೈದ್ಯರನ್ನು ಕಂಡು ಔಷಧಿಯ ಪ್ರಮಾಣ ಸರಿಮಾಡಿಸಿಕೊಳ್ಳಿ.