ಅರಸೊತ್ತಿಗೆ ಹೋಯಿತು, ಅಂಗಳ ಬದಲಾಯಿತೇ?

2008ರಲ್ಲಿ ಅಂಕೋಲೆಯ ಅಜ್ಜನ ಮನೆಯ ಗದ್ದೆ ಪಾಲಾಯಿತು. ಆಗ ನಾನು ಕಾರವಾರದಲ್ಲಿ ಕಾಲೇಜು ಓದುತ್ತಿದ್ದೆ. ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಬಂದ ತಾಯಿ, 'ತವರಿನ ಬಾಗಿಲು ತೆರೆದಿದ್ದರೆ ಸಾಕು' ಎಂದಷ್ಟೇ ಹೇಳಿದರು. ಆ ವರ್ಷ ನಮಗೆ ಫ್ರಾನ್ಸಿನ ಮಹಾಕ್ರಾಂತಿ ಪಠ್ಯವಾಗಿತ್ತು.

1789ರ ಅಕ್ಟೋಬರಿನಲ್ಲಿ ರೊಟ್ಟಿಗಾಗಿ ವರ್ಸೈಲ್ಸಿನವರೆಗೆ ನಡೆದು, ದೊರೆಯನ್ನು ಪ್ಯಾರಿಸ್ಸಿಗೆ ಕರೆತಂದವರು ಹೆಂಗಸರು. ಆದರೆ ಅದೇ ವರ್ಷ ಘೋಷಣೆಯಾದ ಮಾನವ ಹಕ್ಕುಗಳಲ್ಲಿ ಅವರಿಗೆ ಸ್ಥಾನವಿರಲಿಲ್ಲ. 1791ರಲ್ಲಿ ಮಹಿಳೆಯ ಹಕ್ಕುಗಳ ಘೋಷಣೆಯನ್ನು ಬರೆದ ಒಲಿಂಪ್ ದ ಗೂಜ್ 1793ರಲ್ಲಿ ಗಿಲೊಟಿನ್‌ಗೆ ಬಲಿಯಾದಳು. ಮಹಿಳಾ ಸಂಘಗಳಿಗೂ ಅದೇ ವರ್ಷ ನಿಷೇಧ ಬಿತ್ತು. ಇಂಗ್ಲೆಂಡಿನ ಮೇರಿ ವುಲ್‌ಸ್ಟನ್‌ಕ್ರಾಫ್ಟ್ 1792ರಲ್ಲೇ ಒಂದು ನೇರ ಪ್ರಶ್ನೆಯನ್ನು ಎತ್ತಿದ್ದಳು: ರಾಜರ ದೈವದತ್ತ ಅಧಿಕಾರವನ್ನು ಒಪ್ಪದ ಕಾಲ, ಗಂಡಂದಿರ ದೈವದತ್ತ ಅಧಿಕಾರವನ್ನು ಮಾತ್ರ ಏಕೆ ಒಪ್ಪಬೇಕು? ಫ್ರಾನ್ಸಿನ ಮಹಿಳೆಗೆ ಮತದಾನದ ಹಕ್ಕು ದೊರೆಯಲು 1944 ಬರಬೇಕಾಯಿತು.

ಇಂಥ ಪ್ರಶ್ನೆ ಪಶ್ಚಿಮದ ಸ್ವತ್ತಲ್ಲ. ವುಲ್‌ಸ್ಟನ್‌ಕ್ರಾಫ್ಟ್‌ಗಿಂತ ಸುಮಾರು ನೂರು ವರ್ಷ ಮೊದಲೇ, ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿದ ಹೊನ್ನಮ್ಮ 'ಹದಿಬದೆಯ ಧರ್ಮ'ವನ್ನು ಬರೆದಳು. ಕೃತಿ ಬೋಧಿಸುವುದು ಪತಿವ್ರತೆಯ ನಡತೆಯನ್ನೇ. ಆದರೂ ಹೆಣ್ಣನ್ನು ಹೀಗಳೆಯುವವರನ್ನು ಆಕೆ ಸುಮ್ಮನೆ ಬಿಡಲಿಲ್ಲ. ಅರಸೊತ್ತಿಗೆಯ ನೆರಳಿನಲ್ಲಿ ಕುಳಿತು ಅಷ್ಟು ಹೇಳಿದ್ದೂ ಸಣ್ಣ ಮಾತಲ್ಲ.

ನಮ್ಮ ಕರಾವಳಿಯೂ ತನ್ನ ಕ್ರಾಂತಿಯನ್ನು ಕಂಡಿದೆ. ಟಿಪ್ಪುವಿನ ಪತನದ ನಂತರ, 1799ರಲ್ಲಿ, ಕಂಪನಿಯ ವಶವಾದ ಈ ನೆಲ ಮುಂದೆ ಬ್ರಿಟಿಷ್ ಚಕ್ರಾಧಿಪತ್ಯಕ್ಕೇ ಸವಾಲು ಹಾಕಿತು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಕಾಯ್ದೆ ಮುರಿಯಲಾಯಿತು. ಕರನಿರಾಕರಣೆಯ ದಿನಗಳಲ್ಲಿ ಅಂಕೋಲೆ 'ಕರ್ನಾಟಕದ ಬಾರ್ಡೋಲಿ' ಎನಿಸಿತು. ಗಂಡಸರು ಜೈಲು ಸೇರಿದಾಗ, ಜಪ್ತಿಯಾದ ಮನೆಗಳ ಸಂಸಾರ ತೂಗಿಸಿದವರು ಹೆಂಗಸರು. ನೆರೆಯ ಸಿದ್ದಾಪುರದ ಮಾವಿನಗುಂಡಿಯಲ್ಲಿ, ಜಪ್ತಿಯಾದ ಜಮೀನು ಕೊಂಡವರ ಮನೆಯೆದುರು ಮಹಿಳೆಯರು ಉಪವಾಸ ಕುಳಿತರು. ಭೂಮಿಗಾಗಿ ಹೊಟ್ಟೆ ಕಟ್ಟಿದವರು ಅವರು. ಆದರೆ ಭೂಮಿಯ ಪಹಣಿಯಲ್ಲಿ ಅವರ ಹೆಸರುಗಳನ್ನು ಹುಡುಕಿದರೆ ಎಷ್ಟು ಸಿಕ್ಕೀತು?

ಕಾನೂನು ತಡವಾಗಿಯಾದರೂ ಎಚ್ಚೆತ್ತಿತು. 1994ರ ರಾಜ್ಯ ತಿದ್ದುಪಡಿ ಅವಿಭಕ್ತ ಹಿಂದೂ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ನೀಡಿತಾದರೂ, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ಅಳಿಸಿತು. ಇದು ಹುಟ್ಟಿನಿಂದಲೇ ಬರುವ ಹಕ್ಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು.

ಅಂದರೆ, ನನ್ನ ತಾಯಿ ಸಹಿ ಹಾಕಿದ ದಿನ ಕಾಯ್ದೆ ಅವರ ಪರವಾಗಿಯೇ ಇತ್ತು. ಅವರನ್ನು ಯಾರೂ ಬಲವಂತಪಡಿಸಲಿಲ್ಲ. ಪಾಲು ಕೇಳಿದರೆ ತವರು ತಪ್ಪುತ್ತದೆ ಎಂಬ ಭಯವೇ ಸಾಕಾಗಿತ್ತು. ಪಾಲು ಪಡೆದ ಅಣ್ಣಂದಿರಿಗೆ ಅಂಥ ಭಯ ಕಾಡಲಿಲ್ಲವೆಂಬುದು ಗಮನಿಸಬೇಕಾದ ಸಂಗತಿ.

ದೊರೆಗಳನ್ನು ಇಳಿಸುವುದು ಕಷ್ಟ, ಆದರೂ ಇಳಿಸಿದ್ದೇವೆ. ಮನೆಯೊಳಗಿನ ಗದ್ದುಗೆಗೆ ಕತ್ತಿ, ಕಿರೀಟಗಳಿಲ್ಲ, ಪ್ರೀತಿಯ ಮುಖವಿದೆ. ಆದ್ದರಿಂದಲೇ ಅದರ ವಿರುದ್ಧ ದನಿಯೆತ್ತುವುದು ಇನ್ನೂ ಕಷ್ಟ. ಆ ಗದ್ದೆಯ ಬದುವಿನ ಮೇಲೆ ನಡೆಯುವಾಗ ತಾಯಿ ಇಂದಿಗೂ 'ನಮ್ಮ ಗದ್ದೆ' ಎನ್ನುತ್ತಾರೆ. ನಾನು ತಿದ್ದುವುದಿಲ್ಲ, ತಿದ್ದಬೇಕಾದದ್ದು ಆ ಮಾತಲ್ಲ.